ಸೋಲಾರ್ ಸಾಲಕ್ಕೆ ಹೊರಟವನಿಗೆ

ಕೋಡಿಯ ಐಸ್ ಪ್ಲಾಂಟಿನ ಮಾಡಿಗೆ ಸೋಲಾರ್ ಹಾಕಿಸುವ ನಿನ್ನ ಯೋಚನೆ ಒಳ್ಳೆಯದೇ ಮಗಾ. ಮಂಜುಗಡ್ಡೆಯಲ್ಲಿ ನೀರು, ಕರೆಂಟು ಬಿಟ್ಟು ಬೇರೇನಿದೆ? ಮೆಸ್ಕಾಂ ಬಿಲ್ಲು ಎಷ್ಟು ಇಳಿಯಿತೋ ಅಷ್ಟು ನಿನ್ನ ಗಂಟು. ನನಗೆ ಸರಿ ಕಾಣದ್ದು ನೀನಾಡಿದ ಇನ್ನೊಂದು ಮಾತು. "ನಮ್ಮವರೇ ಅಧಿಕಾರದಲ್ಲಿದ್ದಾರೆ, ಸಾಲ, ಸಬ್ಸಿಡಿ ಎಲ್ಲ ಒಂದು ಫೋನಿನಲ್ಲಿ ಆಗುತ್ತದೆ" ಎಂದೆಯಲ್ಲ, ಅದು.

ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆಗುತ್ತದೆ, ತೊಂದರೆ ಇರುವುದೇ ಅಲ್ಲಿ. ಪಾಕಿಸ್ತಾನದ ಸುಮಾರು 90 ಸಾವಿರ ಕಂಪೆನಿಗಳ ಸಾಲದ ಲೆಕ್ಕ ತೆಗೆದು ಅಸೀಮ್ ಖ್ವಾಜಾ, ಆತಿಫ್ ಮಿಯಾನ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಾಜಕಾರಣಿಗಳ ನಂಟಿದ್ದ ಕಂಪೆನಿಗಳಿಗೆ ಶೇ. 45ರಷ್ಟು ಹೆಚ್ಚು ಸಾಲ ಸಿಕ್ಕಿತ್ತು. ಸಾಲ ಸುಸ್ತಿಯಾದದ್ದೂ ಶೇ. 50ರಷ್ಟು ಹೆಚ್ಚು. ಈ ಧಾರಾಳವೆಲ್ಲ ಸರ್ಕಾರಿ ಬ್ಯಾಂಕುಗಳದ್ದು. ಖಾಸಗಿಯವರು ಮಣೆ ಹಾಕಿರಲಿಲ್ಲ. ಸಾಲ ಕೊಡಿಸಿದವನು ಬಂದು ಕಂತು ಕಟ್ಟುವುದಿಲ್ಲ, ನೆನಪಿರಲಿ.

ಹಸಿರು ಉದ್ಯಮಕ್ಕಂತೂ ಸರ್ಕಾರದ ಆದೇಶವೇ ಉಸಿರು. ನಮ್ಮ ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುತ್ತಿದ್ದ ಸುಜ್ಲಾನ್ ನೋಡು. 2012ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪವನ ವಿದ್ಯುತ್ತಿಗಿದ್ದ ತ್ವರಿತ ಸವಕಳಿಯ ತೆರಿಗೆ ಅನುಕೂಲ ಕಿತ್ತುಕೊಂಡಿತು. ಹಿಂದಿನ ವರ್ಷ 3,000 ಮೆಗಾವ್ಯಾಟ್ ದಾಟಿದ್ದ ಹೊಸ ಗಾಳಿಯಂತ್ರಗಳ ಅಳವಡಿಕೆ ಆ ವರ್ಷ 1,700ರ ಆಸುಪಾಸಿಗೆ ಬಿತ್ತು. ಅದೇ ಅಕ್ಟೋಬರಿನಲ್ಲಿ ಸುಜ್ಲಾನ್ ವಿದೇಶಿ ಬಾಂಡಿನ ಹಣ ತೀರಿಸಲಾಗದೆ ಕೈಚೆಲ್ಲಿತು. ಒಂದು ಆದೇಶಕ್ಕೇ ಎಲ್ಲ ತಪ್ಪು ಹೊರಿಸುವುದು ನ್ಯಾಯವಲ್ಲ. ಜರ್ಮನಿ, ಬೆಲ್ಜಿಯಂನ ಕಂಪೆನಿಗಳನ್ನು ಕೊಳ್ಳಲು ಮಾಡಿದ ಸಾಲ ಬೆಟ್ಟದಷ್ಟಿತ್ತು. ಆದರೆ ಸಾಲ ಬೆಳೆದಿರುವಾಗಲೇ ಆದೇಶ ಬದಲಾದರೆ ಉಳಿಗಾಲವಿಲ್ಲ. ಅದಕ್ಕೇ ಹೇಳುವುದು, ಸಬ್ಸಿಡಿ ಸೊನ್ನೆ ಎಂದಿಟ್ಟುಕೊಂಡು ಮೊದಲು ಲೆಕ್ಕ ಹಾಕು. ಆಗಲೂ ಗಿಟ್ಟಿದರೆ ಮಾತ್ರ ಕೈ ಹಾಕು.

ಪ್ರಭಾವಕ್ಕಿಂತ ಕಾಗದ ಗಟ್ಟಿ. ಹಿರೇಹಳ್ಳಿ ಸೋಲಾರ್ ಎಂಬ ಸಂಸ್ಥೆಗೆ ಬೆಸ್ಕಾಂ ಜೊತೆ ಯೂನಿಟ್ಟಿಗೆ 8.40 ರೂಪಾಯಿಯ ಒಪ್ಪಂದವಿತ್ತು. ಭೂಪರಿವರ್ತನೆ, ಮಂಜೂರಾತಿ ಎಂದು ಕಚೇರಿಗಳು ತಡ ಮಾಡಿದವು, ಯೋಜನೆ ತಡವಾಯಿತು, ದರಕ್ಕೆ ಕತ್ತರಿ ಬಿತ್ತು. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ತಡ ಸಂಸ್ಥೆಯ ತಪ್ಪಲ್ಲ ಎಂದು ಹಳೆಯ ದರವನ್ನೇ ಎತ್ತಿಹಿಡಿಯಿತು. ಅರ್ಜಿ ಕೊಟ್ಟ ತಾರೀಖಿನ ಸ್ವೀಕೃತಿಯನ್ನು ಜೋಪಾನ ಮಾಡುವುದು ಫೋನ್ ಮಾಡುವಷ್ಟು ರೋಚಕವಲ್ಲ, ಗೊತ್ತು.

ಇನ್ನು ಬ್ಯಾಂಕಿನ ಎದುರು ಕೈಕಟ್ಟಿ ನಿಲ್ಲಬೇಕಾಗಿಯೂ ಇಲ್ಲ. ಸೋಲಾರ್ ಸಾಲವನ್ನು ರಿಸರ್ವ್ ಬ್ಯಾಂಕು 2015ರಲ್ಲೇ ಆದ್ಯತಾ ವಲಯಕ್ಕೆ ಸೇರಿಸಿದೆ. ಮಿತಿ ಈಗ 35 ಕೋಟಿ. ಆದ್ಯತಾ ಸಾಲದ ಗುರಿ ಮುಟ್ಟಬೇಕಾದ ತಲೆಬಿಸಿ ಮ್ಯಾನೇಜರಿಗೂ ಇರುತ್ತದೆ.

ನೀನು ಹಟ ಹಿಡಿಯಬೇಕಾದ್ದು ಕಂತಿನ ವಿಷಯದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್. ಗಂಗೊಳ್ಳಿಯಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ, ಐಸು ಕೇಳುವವರಿಲ್ಲ, ಮೇಲೆ ಬಿಸಿಲೂ ಇಲ್ಲ. ಆ ಎರಡು ತಿಂಗಳು ಕಂತು ಬೇಡ, ಉಳಿದ ಹತ್ತು ತಿಂಗಳಿಗೆ ಹಂಚಿ ಎಂದು ಕೇಳು. ಇದೇನೂ ಹೊಸತಲ್ಲ. ಸಿಂಡಿಕೇಟ್ ಬ್ಯಾಂಕು 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಶುರು ಮಾಡಿದ್ದು ಜನರ ಸಂಪಾದನೆಯ ಲಯ ನೋಡಿಯೇ. ನಮ್ಮ ಹಂದಟ್ಟು ಮೂಲದ ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಕಟ್ಟಿದಾಗಲೂ ದೀಪದಷ್ಟೇ ಕಂತಿನ ಬಗ್ಗೆ ತಲೆ ಕೆಡಿಸಿಕೊಂಡರು. ದುಡಿಮೆಗೆ ಹೊಂದುವ ಕಂತಿದ್ದರೆ ಬಡವನೂ ಸಾಲ ತೀರಿಸುತ್ತಾನೆ ಎಂದು ಗ್ರಾಮೀಣ ಬ್ಯಾಂಕುಗಳಿಗೆ ಮನವರಿಕೆ ಮಾಡಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಂ, ಕೋಡಿಯ ಉಪ್ಪುಗಾಳಿ ಮರೆಯಬೇಡ. ಸ್ಟ್ಯಾಂಡಿಗೆ ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಅಗ್ಗದ ಕಬ್ಬಿಣ ಹಾಕಿಸಿದರೆ ಸಾಲ ತೀರುವ ಮೊದಲೇ ತುಕ್ಕು ತಿನ್ನುತ್ತದೆ.

ಉದ್ಘಾಟನೆಗೆ ಯಾವ ಪಕ್ಷದವರನ್ನು ಬೇಕಾದರೂ ಕರೆ, ಊಟಕ್ಕೆ ನಾನೂ ಬರುತ್ತೇನೆ. ಬ್ಯಾಂಕಿಗೆ ಹೋಗುವಾಗ ಮಾತ್ರ ಮೂರು ವರ್ಷದ ಮೆಸ್ಕಾಂ ಬಿಲ್ಲು ಹಿಡಿದುಕೊಂಡು ಒಬ್ಬನೇ ಹೋಗು.