ರಟ್ಟಿನ ತುಂಡಿಗೆ ಬಂದ ಬೆಲೆ

ಅಕ್ಕಿಗೆ ಬೆಲೆಯುಂಟು, ಏಕೆಂದರೆ ಅದು ಹಸಿವನ್ನು ನೀಗಿಸುತ್ತದೆ. ಬಟ್ಟೆಗೆ ಬೆಲೆಯುಂಟು, ಏಕೆಂದರೆ ಅದು ಮೈಯನ್ನು ಕಾಯುತ್ತದೆ. ಆದರೆ ನಿತ್ಯಜೀವನದಲ್ಲಿ ಯಾವ ಉಪಯೋಗಕ್ಕೂ ಬಾರದ ಕೆಲವು ವಸ್ತುಗಳಿಗೂ ಮನುಷ್ಯನು ಅಪಾರವಾದ ಬೆಲೆ ತೆರುವುದುಂಟು. ಹಳೆಯ ನಾಣ್ಯ, ಅಂಚೆಚೀಟಿಗಳಂತೆ ಅಮೆರಿಕದ ಬೇಸ್‌ಬಾಲ್ ಕಾರ್ಡುಗಳೂ ಈ ವರ್ಗಕ್ಕೆ ಸೇರಿದವು. ಬೇಸ್‌ಬಾಲ್ ಆ ದೇಶದ ಜನಪ್ರಿಯವಾದ ಚೆಂಡು ದಾಂಡಿನ ಆಟ. ಆಟಗಾರನ ಚಿತ್ರವನ್ನು ಒಂದು ಬದಿಯಲ್ಲಿಯೂ ಅವನ ಸಾಧನೆಯ ವಿವರಗಳನ್ನು ಇನ್ನೊಂದು ಬದಿಯಲ್ಲಿಯೂ ಮುದ್ರಿಸಿದ, ಅಂಗೈಯಗಲದ ರಟ್ಟಿನ ತುಂಡೇ ಈ ಕಾರ್ಡು. ಇಂತಹ ತುಂಡೊಂದು ಲಕ್ಷಾಂತರ ಡಾಲರುಗಳಿಗೆ ಮಾರಾಟವಾಗುವುದಾದರೂ ಹೇಗೆ?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟಿನ ಪೊಟ್ಟಣಗಳಲ್ಲಿಯೂ, ಮುಂದೆ ಚೂಯಿಂಗ್ ಗಮ್ಮಿನ ಜೊತೆಯಲ್ಲಿಯೂ ಈ ಕಾರ್ಡುಗಳು ದೊರೆಯುತ್ತಿದ್ದವು. ಮಕ್ಕಳಿಗೆ ಅವು ಆಟದ ಸಾಮಾನುಗಳು. ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿ ಪಟಪಟ ಸದ್ದು ಹೊರಡಿಸುತ್ತಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಮನೆಯವರು ಅವನ್ನು ಕಸದೊಡನೆ ಎಸೆದುಬಿಡುತ್ತಿದ್ದರು. ಟಾಪ್ಸ್ ಕಂಪನಿಯು 1952ರಲ್ಲಿ ಹೊರತಂದ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದವನ್ನು, ಅವುಗಳ ವಿನ್ಯಾಸಕಾರರಲ್ಲೊಬ್ಬನಾದ ಸೈ ಬರ್ಗರ್ 1960ರ ಸುಮಾರಿಗೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದನು. ಅದೇ ಸರಣಿಗೆ ಸೇರಿದ, ಮಿಕ್ಕಿ ಮ್ಯಾಂಟಲನ ಚಿತ್ರವಿರುವ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರುಗಳಿಗೆ ಹರಾಜಾಯಿತು. ಬೆಲೆಯಿಲ್ಲವೆಂದು ಹಲವರು ಎಸೆದುದರಿಂದಲೇ ಉಳಿದ ಕೆಲವಕ್ಕೆ ಬೆಲೆ ಬಂದಿತೆಂಬುದು ಇಲ್ಲಿಯ ಸೋಜಿಗ.

ಈ ಸತ್ಯವನ್ನು ಜನರು ಪೂರ್ಣವಾಗಿ ಗ್ರಹಿಸಲಿಲ್ಲ. ಹಳೆಯ ಕಾರ್ಡುಗಳ ಬೆಲೆ ಏರುತ್ತಿರುವುದನ್ನು ಕಂಡು, ಹೊಸ ಕಾರ್ಡುಗಳನ್ನೂ ಕೂಡಿಟ್ಟರೆ ಮುಂದೆ ಸಿರಿವಂತರಾಗಬಹುದೆಂದು ಭಾವಿಸಿದರು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್, 1989ರಲ್ಲಿ ಅಪ್ಪರ್ ಡೆಕ್ ಕಂಪನಿಗಳು ಟಾಪ್ಸ್‌ನೊಡನೆ ಸ್ಪರ್ಧೆಗಿಳಿದವು. ಬೇಡಿಕೆ ಹೆಚ್ಚಿದಂತೆಲ್ಲ ಮುದ್ರಣವೂ ಮಿತಿಮೀರಿತು. ಕೊಂಡವರು ಪೊಟ್ಟಣಗಳನ್ನು ಒಡೆಯದೆ ಜೋಪಾನ ಮಾಡಿದರು. ಯಾವ ಕಾರ್ಡೂ ಹಾಳಾಗಲಿಲ್ಲ, ಕಳೆಯಲಿಲ್ಲ. ಆದಕಾರಣ ಯಾವುದೂ ಅಪರೂಪವಾಗಲಿಲ್ಲ. 1994ರಲ್ಲಿ ಆಟಗಾರರ ಮುಷ್ಕರದಿಂದ ಪಂದ್ಯಗಳು ನಿಂತುಹೋದಾಗ ಜನರ ಉತ್ಸಾಹವೂ ಕುಂದಿತು. ಆ ಕಾಲದ ಬಹುಪಾಲು ಕಾರ್ಡುಗಳು ಇಂದಿಗೂ ಅಲ್ಪ ಬೆಲೆಗೆ ದೊರೆಯುತ್ತವೆ. ಗಳಿಕೆಯ ಆಸೆಯಿಂದ ಕೂಡಿಟ್ಟವರಿಗೆ ನಿರಾಸೆಯೇ ಫಲವಾಯಿತು.

ಕಾಲವು ತಾನಾಗಿ ತಂದುಕೊಡದ ವಿರಳತೆಯನ್ನು ಕಂಪನಿಗಳು ಆ ಬಳಿಕ ತಾವೇ ನಿರ್ಮಿಸತೊಡಗಿದವು. ಒಂದೇ ಚಿತ್ರವನ್ನು ಬೇರೆ ಬೇರೆ ಬಣ್ಣಗಳಲ್ಲಿ, ಎಣಿಸಿದಷ್ಟೇ ಸಂಖ್ಯೆಯಲ್ಲಿ ಮುದ್ರಿಸಿ, ಪ್ರತಿಯೊಂದರ ಮೇಲೂ ಕ್ರಮಸಂಖ್ಯೆಯನ್ನು ನಮೂದಿಸಿದವು. ಕೆಲವಕ್ಕೆ ಆಟಗಾರನ ಹಸ್ತಾಕ್ಷರವನ್ನೂ, ಕೆಲವಕ್ಕೆ ಅವನು ಧರಿಸಿದ ಅಂಗಿಯ ಚೂರನ್ನೂ ಸೇರಿಸಿದವು. ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಿರುವ ಕಾರ್ಡುಗಳೂ ಹುಟ್ಟಿಕೊಂಡವು. ಪಾಲ್ ಸ್ಕೀನ್ಸ್ ಎಂಬ ತರುಣ ಆಟಗಾರನು 2024ರಲ್ಲಿ ತನ್ನ ಮೊದಲ ಪಂದ್ಯದ ದಿನ ಅಂಗಿಯ ಮೇಲೆ ಧರಿಸಿದ್ದ ಲಾಂಛನವನ್ನೇ ಅಳವಡಿಸಿದ ಅಂತಹ ಕಾರ್ಡೊಂದು ಹನ್ನೊಂದು ವರ್ಷದ ಬಾಲಕನಿಗೆ ಪೊಟ್ಟಣದಲ್ಲಿ ದೊರೆಯಿತು. 2025ರ ಮಾರ್ಚಿಯಲ್ಲಿ ಅದು 11 ಲಕ್ಷಕ್ಕೂ ಹೆಚ್ಚು ಡಾಲರುಗಳಿಗೆ ಹರಾಜಾಯಿತು. ಆದರೆ ಆ ಒಂದು ಕಾರ್ಡಿಗಾಗಿ ಹಂಬಲಿಸಿ ಪೊಟ್ಟಣ ಒಡೆದವರು ಅಸಂಖ್ಯಾತರು. ಅವರಲ್ಲಿ ಅದು ದೊರೆತದ್ದು ಒಬ್ಬನಿಗೆ ಮಾತ್ರ.

ವಿರಳತೆಯೊಂದೇ ಸಾಲದು, ಕಾರ್ಡಿನ ಸ್ಥಿತಿಯೂ ಉತ್ತಮವಾಗಿರಬೇಕು. ನಾಲ್ಕು ಮೂಲೆಗಳು ಮೊನಚಾಗಿವೆಯೇ, ಅಂಚುಗಳು ಸವೆದಿಲ್ಲವಷ್ಟೆ, ಮೇಲ್ಮೈ ನಿರ್ಮಲವಾಗಿದೆಯೇ, ಚಿತ್ರವು ಸರಿಯಾಗಿ ನಡುವೆ ಕುಳಿತಿದೆಯೇ ಎಂಬುದನ್ನು ನುರಿತ ಪರೀಕ್ಷಕರು ನೋಡುತ್ತಾರೆ. 1991ರಲ್ಲಿ ಆರಂಭವಾದ ಪಿ.ಎಸ್.ಎ. ಎಂಬ ಸಂಸ್ಥೆಯು ಕಾರ್ಡಿನ ನೈಜತೆಯನ್ನು ಪರಿಶೀಲಿಸಿ, 1ರಿಂದ 10ರವರೆಗೆ ದರ್ಜೆಯನ್ನಿತ್ತು, ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸಿ ಕೊಡುತ್ತದೆ. ಬರಿಗಣ್ಣಿಗೆ ಒಂದೇ ಬಗೆಯಾಗಿ ತೋರುವ ಎರಡು ಕಾರ್ಡುಗಳಲ್ಲಿ 9ನೆಯ ದರ್ಜೆಯದಕ್ಕಿಂತ 10ನೆಯ ದರ್ಜೆಯದು ಹಲವು ಪಟ್ಟು ಹೆಚ್ಚು ಬೆಲೆ ಪಡೆಯುವುದುಂಟು.

ಇವೆಲ್ಲಕ್ಕೂ ಮಿಗಿಲಾದುದು ಆಟಗಾರನ ಕೀರ್ತಿ. ಮೈಕ್ ಟ್ರೌಟ್‌ನ ಹಸ್ತಾಕ್ಷರವುಳ್ಳ, ಒಂದೇ ಪ್ರತಿಯ ಕಾರ್ಡು 2009ರ ಸರಣಿಯಲ್ಲಿ ಅಚ್ಚಾಯಿತು. ಅವನು ಅತ್ಯುನ್ನತ ಮಟ್ಟದ ಪಂದ್ಯಗಳಿಗೆ ಕಾಲಿಟ್ಟದ್ದು 2011ರಲ್ಲಿ. ಮುಂದೆ ಮೂರು ಬಾರಿ ತನ್ನ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವಕ್ಕೆ ಅವನು ಪಾತ್ರನಾದನು. 2018ರಲ್ಲಿ ಸುಮಾರು 4 ಲಕ್ಷ ಡಾಲರುಗಳಿಗೆ ಮಾರಾಟವಾಗಿದ್ದ ಆ ಕಾರ್ಡು 2020ರಲ್ಲಿ 39 ಲಕ್ಷಕ್ಕೂ ಹೆಚ್ಚು ಡಾಲರುಗಳನ್ನು ತಂದಿತು. ಆದರೆ ಕೀರ್ತಿಯ ನಿರೀಕ್ಷೆಯನ್ನು ಹೊತ್ತು ಅಚ್ಚಾಗುವ ತರುಣರ ಕಾರ್ಡುಗಳು ಅನೇಕ. ನಿರೀಕ್ಷೆಯನ್ನು ಸಫಲಗೊಳಿಸುವವರು ಕೆಲವರೇ. ಗಾಯವೊಂದು ಆಟಗಾರನ ಬಾಳನ್ನು ಕುಗ್ಗಿಸಿದರೆ ಕಾರ್ಡಿನ ಬೆಲೆಯೂ ಅದರೊಡನೆ ಕುಗ್ಗುತ್ತದೆ.

ಹೀಗೆ ವಿರಳತೆ, ಸ್ಥಿತಿ, ಕೀರ್ತಿ ಎಂಬ ಮೂರರ ಮೇಲೆ ಈ ಬೆಲೆ ನಿಂತಿದೆ. ಇವು ಮೂರಕ್ಕೂ ಆಧಾರವಾದುದು ಕೊಳ್ಳುವವರ ನಂಬಿಕೆ. ನಂಬಿಕೆ ಸಡಿಲಿದೊಡನೆ ರಟ್ಟು ಮತ್ತೆ ರಟ್ಟೇ ಆಗುತ್ತದೆಂಬುದನ್ನು 1990ರ ದಶಕವು ತೋರಿಸಿಕೊಟ್ಟಿತು. ಮೆಚ್ಚಿದ ಆಟಗಾರನ ನೆನಪಿಗೆಂದು ಕಾರ್ಡನ್ನು ಇಟ್ಟುಕೊಂಡವನಿಗೆ ಪೇಟೆಯ ಬೆಲೆ ಇಳಿದರೂ ನಷ್ಟವಿಲ್ಲ. ಅವನು ಬಯಸಿದ್ದು ಅವನ ಕೈಯಲ್ಲಿಯೇ ಇರುತ್ತದೆ. ಬೆಲೆಗಾಗಿಯೇ ಇಟ್ಟುಕೊಂಡವನಾದರೋ ಕಾರ್ಡು ಕೈಯಲ್ಲಿದ್ದಾಗಲೂ ಬರಿಗೈಯವನಾಗಬಹುದು.