ಇಂದಿನ ಧಮ್ಮ ಚಿಂತನೆ: ತನ್ನನ್ನು ಕಾಯುವುದು, ಮಕ್ಕಳನ್ನು ಕಾಯುವುದು



ಧಮ್ಮ ಬಂಧುಗಳೇ, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ನಾಲ್ಕೂ ತಾಲೂಕಿನ ನಮ್ಮ ಬಳಗದಲ್ಲಿ ಈ ವಾರದ ಪಾಠ ಸೇದಕ ಸುತ್ತ. ಬರೆಯುವ ಸರದಿ ನನ್ನದು. ಈ ಸುತ್ತವನ್ನು ನಾನು ಓದಿ ತಿಳಿದದ್ದು ಸ್ವಲ್ಪ. ಕಳೆದ ನವೆಂಬರಿನ ಒಂದು ಭಾನುವಾರ ಸವಣೂರಿನಲ್ಲಿ ಬೆವತು ತಿಳಿದದ್ದೇ ಹೆಚ್ಚು. ಅದನ್ನೇ ಬರೆಯುತ್ತೇನೆ.

ಮೊದಲು ಸುತ್ತ. ಇದು ಸಂಯುತ್ತ ನಿಕಾಯದಲ್ಲಿ, ಸತಿಪಟ್ಠಾನದ ಭಾಗದಲ್ಲಿ ಬರುತ್ತದೆ. ಸೇದಕ ಎಂಬ ಊರಿನಲ್ಲಿ ಭಗವಾನರು ಭಿಕ್ಖುಗಳಿಗೆ ಒಂದು ಕಥೆ ಹೇಳುತ್ತಾರೆ. ಬಿದಿರಿನ ಗಳದ ಮೇಲೆ ಕಸರತ್ತು ಮಾಡುವ ಒಬ್ಬ ಆಟಗಾರ ತನ್ನ ಶಿಷ್ಯ ಮೇದಕಥಾಲಿಕನನ್ನು ಹೆಗಲ ಮೇಲೆ ಹತ್ತಿಸಿಕೊಂಡು, ನೀನು ನನ್ನನ್ನು ಕಾಯಿ, ನಾನು ನಿನ್ನನ್ನು ಕಾಯುತ್ತೇನೆ ಅನ್ನುತ್ತಾನೆ. ಶಿಷ್ಯ ಒಪ್ಪುವುದಿಲ್ಲ. ನೀವು ನಿಮ್ಮನ್ನು ಕಾಯಿರಿ, ನಾನು ನನ್ನನ್ನು ಕಾಯುತ್ತೇನೆ, ಆಗಲೇ ಇಬ್ಬರೂ ಕ್ಷೇಮವಾಗಿ ಕೆಳಗೆ ಇಳಿಯುತ್ತೇವೆ ಅನ್ನುತ್ತಾನೆ. ಭಗವಾನರು ಶಿಷ್ಯನ ಮಾತನ್ನು ಮೆಚ್ಚಿ, ಮುಂದುವರಿಸಿ ಹೇಳುತ್ತಾರೆ: ತನ್ನನ್ನು ಕಾದುಕೊಂಡವನು ಪರರನ್ನೂ ಕಾಯುತ್ತಾನೆ, ಸಹನೆ, ಅಹಿಂಸೆ, ಮೈತ್ರಿ, ಕರುಣೆಯಿಂದ ಪರರನ್ನು ಕಾದವನು ತನ್ನನ್ನೂ ಕಾಯುತ್ತಾನೆ.

ಮೊದಲ ಸಲ ಓದಿದಾಗ ಶಿಷ್ಯನ ಮಾತು ನನಗೆ ಸ್ವಾರ್ಥದ ಮಾತು ಅನ್ನಿಸಿತ್ತು. ಮಕ್ಕಳನ್ನು ಸಾಕಿದ ಹೆಂಗಸಿಗೆ ತನ್ನನ್ನು ಮೊದಲು ನೋಡಿಕೋ ಅಂದರೆ ರುಚಿಸುತ್ತದೆಯೇ?

ನವೆಂಬರ್ ಅಂದರೆ ನಮ್ಮಲ್ಲಿ ಗೋವಿನಜೋಳದ ಸುಗ್ಗಿ. ಮಗ, ಸೊಸೆ, ತಂಗಿಯ ಮಗಳು, ಪಕ್ಕದ ಮನೆಯವರು ಎಲ್ಲರೂ ತೆನೆ ಮುರಿಯಲು ಹೋಗಿದ್ದರು. ಭಾನುವಾರ ಅಂಗನವಾಡಿಗೆ ರಜೆ. ನಾಲ್ಕು ಕೂಸು ನನ್ನ ಪಾಲಿಗೆ ಬಂದವು: ಮೂರು ವರ್ಷದ ಮೊಮ್ಮಗ, ತಂಗಿಯ ಮಗಳ ಎರಡೂವರೆ ವರ್ಷದ ಅವಳಿ ಹೆಣ್ಣುಮಕ್ಕಳು, ನಾಲ್ಕು ತುಂಬಲು ಎರಡು ತಿಂಗಳಿದ್ದ ಪಕ್ಕದ ಮನೆಯ ಹುಡುಗಿ. ಮನೆಯಲ್ಲೇ ಇದ್ದರೆ ಟಿವಿ, ಮೊಬೈಲು, ಜಗಳ. ಶಿಗ್ಗಾಂವಿಯಿಂದ ಸವಣೂರಿಗೆ ಬಸ್ಸು ಇದ್ದೇ ಇವೆ, ದೊಡ್ಡ ಹುಣಸೆ ಮರ ತೋರಿಸಿಕೊಂಡು ಬರೋಣ ಅಂದುಕೊಂಡೆ. ಹಿಂದಿನ ರಾತ್ರಿಯೇ ಸೊಸೆ, "ಅತ್ತೀ, ನಾಕು ಮಂದೀನ ಒಬ್ಬಾಕೀನ ಹೆಂಗ ಹಿಡೀತೀರಿ?" ಅಂದಿದ್ದಳು. ಐದು ಮಕ್ಕಳನ್ನು ಬೆಳೆಸಿದವಳಿಗೆ ಇದೇನು ದೊಡ್ಡದು ಎಂಬ ಸೊಕ್ಕು ನನಗೆ.

ತಯಾರಿಯಲ್ಲಿ ಕೊರತೆ ಮಾಡಲಿಲ್ಲ. ಏಪ್ರಿಲ್ 14ರ ಮೆರವಣಿಗೆಯ ನೀಲಿ ಟೋಪಿಗಳನ್ನು ಹುಡುಕಿ ನಾಲ್ವರಿಗೂ ಹಾಕಿದೆ, ದೂರದಿಂದ ಕಾಣಲಿ ಅಂತ. ಮುಂಗೈ ಮೇಲೆ ಪೆನ್ನಿನಿಂದ ನನ್ನ ಮೊಬೈಲ್ ನಂಬರ್ ಬರೆದೆ. ಬುತ್ತಿಗೆ ಬೆಲ್ಲ ಹಚ್ಚಿದ ಚಪಾತಿ ಸುರುಳಿ, ಬಾಳೆಹಣ್ಣು, ಚುರುಮುರಿ. ಚುರುಮುರಿಯಿಂದ ಶೇಂಗಾ ಆರಿಸಿ ತೆಗೆದೆ, ಈ ವಯಸ್ಸಿನ ಮಕ್ಕಳಿಗೆ ಇಡೀ ಕಾಳು ಉಸಿರ ನಾಳಕ್ಕೆ ಸಿಕ್ಕರೆ ಜೀವಕ್ಕೇ ಅಪಾಯ. ಎರಡು ಲೀಟರ್ ನೀರು. ಅವಳಿಗಳು ನನ್ನ ಎರಡು ಕೈಗೆ, ಉಳಿದಿಬ್ಬರು ಸೆರಗಿಗೆ. ನಾನು "ಕೂಡ್ರಿ" ಅಂದಕೂಡಲೇ ಎಲ್ಲರೂ ಇದ್ದಲ್ಲೇ ಕೂರಬೇಕು, ಇದು ಆಟ. ಬಸ್ ನಿಲ್ದಾಣದಲ್ಲಿ ಮೂರು ಸಲ ಆಡಿಸಿದೆ. ಶಕ್ತಿ ಯೋಜನೆಯಲ್ಲಿ ನನಗೆ ಶೂನ್ಯ ಟಿಕೆಟ್, ಆರು ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಕಂಡಕ್ಟರ್ ನಗುತ್ತ, "ಏನಬೇ ಯವ್ವಾ, ಅಂಗನವಾಡೀನ ಎತ್ತಿಕೊಂಡು ಬಂದೀಯಲ್ಲ" ಅಂದ.

ಮರಗಳು ಇರುವುದು ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ. ಮೂರು ಮರ. ಜನ ಹುಣಸೆ ಅನ್ನುತ್ತಾರೆ, ಆದರೆ ಇವು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಹೆಸರು ಕೇಳಿ ಕುಲ ಗೊತ್ತುಮಾಡುವವರು ಬಂದು ನೋಡಬೇಕು. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಉರುಳಿತ್ತು; ಯಂತ್ರ ತಂದು ಎತ್ತಿ ನಿಲ್ಲಿಸಿದರು, ಚಿಗುರಿತು. ಬುಡ ಎಷ್ಟು ದಪ್ಪ ಅಂದರೆ ನಮ್ಮ ಅಡುಗೆ ಮನೆಯಷ್ಟು. ಮಕ್ಕಳು ಅದರ ಮೈ ಸವರಿ, ಆನೆ ಕಾಲು ಅಂದವು.

ನಾನು ಮೊಬೈಲ್ ತೆಗೆದೆ. ಸುಳ್ಳು ಹೇಳುವುದಿಲ್ಲ, ಇದೇ ಗುಂಪಿಗೆ ಹಾಕಲು. ನೀಲಿ ಟೋಪಿಯ ನಾಲ್ಕು ಕೂಸು ದೊಡ್ಡ ಮರದ ಕೆಳಗೆ, ಎಲ್ಲರೂ ಸಾಧು ಸಾಧು ಅನ್ನುತ್ತೀರಿ ಅಂತ. ಫೋಟೋ ಮಸುಕಾಗಿ ಬಂತು, ಸೆರಗಿನಿಂದ ಕ್ಯಾಮೆರಾ ಒರೆಸಿದೆ, ಇನ್ನೊಂದು ತೆಗೆದೆ. ತಲೆ ಎತ್ತಿದರೆ ಟೋಪಿ ಮೂರೇ.

ಮೊಮ್ಮಗ ಇಲ್ಲ. ಮರದ ಬಲಕ್ಕೆ ಓಡಿದೆ. ಸುತ್ತು ಹಾಕಿದೆ, ಇಲ್ಲ. ಹೆಸರು ಕೂಗುತ್ತ ಇನ್ನೊಂದು ಸುತ್ತು. ಆಚೆ ಬೀದಿಯಲ್ಲಿ ಟ್ರ್ಯಾಕ್ಟರ್ ಸದ್ದು. ಎದೆ ಬಾಯಿಗೆ ಬಂತು. ಮರದ ಹಿಂಬದಿಗೆ ಬಂದಾಗ ಹೊಳೆಯಿತು, ಈಗ ನಾಲ್ಕರಲ್ಲಿ ಒಂದೂ ನನ್ನ ಕಣ್ಣಿಗಿಲ್ಲ. ಒಬ್ಬನನ್ನು ಹುಡುಕಲು ಮೂವರನ್ನು ಬಿಟ್ಟು ಬಂದಿದ್ದೇನೆ. "ಕೂಡ್ರೀ" ಅಂತ ಚೀರಿದೆ. ಕಾಲು ಅಲ್ಲೇ ನಿಂತವು. ಧ್ಯಾನ ಅಂತ ಏನೂ ಮಾಡಲಿಲ್ಲ, ಸುಮ್ಮನೆ ನಿಂತು ಮೂರು ಸಲ ಉಸಿರು ಎಳೆದುಕೊಂಡೆ ಅಷ್ಟೇ. ಮೂರನೆಯ ಉಸಿರಿಗೆ ಮೊಮ್ಮಗ ಮರಕ್ಕೆ ಕೈ ತಾಗಿಸಿಕೊಂಡು ನಡೆಯುತ್ತ ಬಂದು ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದ. ಅವನೂ ಬಲಕ್ಕೇ ಸುತ್ತುತ್ತಿದ್ದ. ನಾನು ಓಡಿದಷ್ಟೂ ನಡುವೆ ಮರವೇ ಇತ್ತು. ಆಚೆ ಬದಿಯಿಂದ ದೊಡ್ಡ ಹುಡುಗಿ ಕೂಗಿದಳು, "ಆಯಿ, ನಾವು ಕುಂತೇವಿ!"

ಅವನಿಗೆ ಹೊಡೆಯಲು ಕೈ ಎತ್ತಿದ್ದೆ. ಕೈಯಲ್ಲಿ ಮೊಬೈಲ್ ಇತ್ತು. ಅದನ್ನು ನೋಡಿ ಕೈ ಇಳಿಸಿದೆ. ಟೋಪಿ, ಪೆನ್ನು, ಶೇಂಗಾ ಎಲ್ಲ ಕಾಳಜಿ ಮಕ್ಕಳ ಮೇಲಿತ್ತು, ನನ್ನ ಮನಸ್ಸಿನ ಮೇಲೆ ಕಾವಲು ಇಟ್ಟಿರಲಿಲ್ಲ. ಅದು ನಿಮ್ಮ ಸಾಧು ಸಾಧುವಿನ ಹಿಂದೆ ಹೋಗಿತ್ತು. ಮೇದಕಥಾಲಿಕ ಹೇಳಿದ್ದು ಸ್ವಾರ್ಥ ಅಲ್ಲ ಅಂತ ಆಗ ಅರ್ಥವಾಯಿತು. ಕೆಳಗೆ ಗಳ ಹಿಡಿದವನು ಮೇಲಿನವನನ್ನೇ ನೋಡುತ್ತ ತನ್ನ ಕಾಲು ಮರೆತರೆ ಇಬ್ಬರೂ ಬೀಳುತ್ತಾರೆ.

ಈ ಗಡಿಬಿಡಿಯಲ್ಲಿ ಅವಳಿಗಳು ಬಾಟಲಿ ನೀರನ್ನು ಮರಕ್ಕೆ ಕುಡಿಸಿ ಮುಗಿಸಿದ್ದರು. ಮಧ್ಯಾಹ್ನದ ಬಿಸಿಲು. ಬೀದಿಗೆ ಬಂದರೆ ಹತ್ತಿರ ತೆರೆದ ಅಂಗಡಿ ಇಲ್ಲ. ಒಂದು ಕೂಸು ಹೆಗಲ ಮೇಲೆ ನಿದ್ದೆ, ಇನ್ನೊಂದು ನೀರು ನೀರು ಅಂತ ಅಳು. ಒಂದು ಮನೆಯ ಬಾಗಿಲು ತೆರೆದಿತ್ತು.

ನಾನು ಬಾಗಿಲ ಮುಂದೆ ಸುಮ್ಮನೆ ನಿಂತೆ. ಈ ನಿಲ್ಲುವುದು ಬೇರೆ, ನಿಮಗೆ ಗೊತ್ತು. ನಾನು ಆರು ವರ್ಷದವಳಿದ್ದಾಗ ಕಳೆ ತೆಗೆಯಲು ಹೋದ ಅವ್ವನ ಜತೆ, ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವಳು. ಇದೇ ಸವಣೂರಿನಲ್ಲಿ 2010ರ ಜುಲೈನಲ್ಲಿ ಮಲ ಹೊರುವ ಕೆಲಸದ ಭಂಗಿ ಬಂಧುಗಳು, ಇದ್ದ ಜಾಗ ಬಿಡಿಸುವುದನ್ನು ವಿರೋಧಿಸಿ ಮಲವನ್ನೇ ಮೈಮೇಲೆ ಸುರಿದುಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಬಾಬಾಸಾಹೇಬರ ಪ್ರಯಾಣವೂ ನೆನಪಾಯಿತು. 1901ರಲ್ಲಿ ಬಾಲಕ ಭೀಮರಾವ್, ಅಣ್ಣ ಮತ್ತು ಅಕ್ಕನ ಇಬ್ಬರು ಗಂಡುಮಕ್ಕಳು ದೊಡ್ಡವರಿಲ್ಲದೆ ಸಾತಾರೆಯಿಂದ ಗೋರೆಗಾಂವಿನ ತಂದೆಯ ಬಳಿಗೆ ಹೊರಟರು. ಇಳಿದ ರೈಲು ನಿಲ್ದಾಣದ ಹೆಸರು ಮಸೂರ. ನಮ್ಮ ಹಿರೇಕೆರೂರ ಕಡೆಯ ಮಾಸೂರು ಅಲ್ಲ, ಅದು ಸಾತಾರಾ ಜಿಲ್ಲೆಯದು. ಆದರೂ ಆ ಹೆಸರು ಓದಿದಾಗಲೆಲ್ಲ ನನಗೆ ನಮ್ಮೂರ ಪಕ್ಕದಲ್ಲೇ ನಡೆದಂತೆ ಆಗುತ್ತದೆ. ಒಳ್ಳೆಯ ಬಟ್ಟೆ ನೋಡಿ ಮಾತಾಡಿಸಿದ ಸ್ಟೇಷನ್ ಮಾಸ್ಟರ್, ಮಹಾರರು ಎಂದು ತಿಳಿದು ಹಿಂದೆ ಸರಿದ. ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋದರು. ಬುತ್ತಿಯ ತುಂಬ ಊಟ ಇತ್ತು, ಕುಡಿಯಲು ನೀರಿರಲಿಲ್ಲ. ಸುಂಕದ ಕಟ್ಟೆಯಲ್ಲಿ ಮುಸಲ್ಮಾನರು ಅಂತ ಹೇಳಿ ಕೇಳಿದರೂ ಸಿಗಲಿಲ್ಲ.

ಬಾಗಿಲಿಗೆ ಒಬ್ಬ ತಾಯಿ ಬಂದರು, ನನ್ನದೇ ವಯಸ್ಸು. ನೀರು ಕೇಳಿದೆ. ನೀಲಿ ಟೋಪಿಗಳನ್ನು ನೋಡಿ ಅವರು, "ಯಾರ ಪೈಕಿ ಯವ್ವಾ ನೀವು?" ಅಂದರು.

ಬೇರೆ ಏನಾದರೂ ಹೇಳಿಬಿಡೋಣ ಅನ್ನಿಸಿತು. ಹೆಗಲ ಮೇಲೆ ಕೂಸು ಇದ್ದಾಗ ಮುಸಾವಾದದ ಶೀಲ ಬಹಳ ದೂರ ಕಾಣುತ್ತದೆ. ಆದರೆ ದೊಡ್ಡ ಹುಡುಗಿ ಸೆರಗು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. "ಬೌದ್ಧರು. ಅಂಬೇಡ್ಕರರ ಮಂದಿ" ಅಂದೆ.

ಅವರು ಒಳಗೆ ಹೋದರು. ಎಷ್ಟು ಹೊತ್ತಾಯಿತೋ, ಬಾಗಿಲು ಹಾಕಿಕೊಳ್ಳುತ್ತಾರೆ ಅಂತಲೇ ಅಂದುಕೊಂಡೆ. ತಂಬಿಗೆ ಮತ್ತು ಸ್ಟೀಲ್ ಲೋಟ ಹಿಡಿದು ಬಂದರು. ಮೊಮ್ಮಗ ಲೋಟ ಕಿತ್ತುಕೊಂಡು ಬಾಯಿ ಕಚ್ಚಿ ಕುಡಿದ. ನನ್ನ ಕೈ ತಾನಾಗಿ ಅದನ್ನು ತಡೆಯಲು ಹೋಯಿತು, ಹನ್ನೊಂದು ವರ್ಷ ಆಯಿತು ದೀಕ್ಷೆ ತೆಗೆದುಕೊಂಡು, ಕೈಗೆ ಇನ್ನೂ ಗೊತ್ತಾಗಿಲ್ಲ. "ಸಾವಕಾಶ ಕುಡಿಯೋ ಯಪ್ಪಾ, ನೆತ್ತಿಗೇರತೈತಿ" ಅಂದು ಅವರು ಮತ್ತೆ ತುಂಬಿದರು. ನಾಲ್ವರೂ ಅದೇ ಲೋಟದಲ್ಲಿ ಕುಡಿದರು. ಬಾಟಲಿಯೂ ತುಂಬಿಸಿಕೊಟ್ಟರು. ನಾವು ಹೊರಟ ಮೇಲೆ ಆ ಲೋಟವನ್ನು ತೊಳೆದರೋ, ಬೆಂಕಿಗೆ ಹಿಡಿದರೋ, ಹಾಗೇ ಇಟ್ಟರೋ, ನಾನು ತಿರುಗಿ ನೋಡಲಿಲ್ಲ.

ಸೊಸೆಗೆ ಒಂದು ಪೊಟ್ಟಣ ಸವಣೂರು ಖಾರ ಕೊಟ್ಟು, ಮರದ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಇನ್ನು ಮೇಲೆ ನಾಲ್ಕು ಕೂಸನ್ನು ಒಬ್ಬಳೇ ಒಯ್ಯುವುದಿಲ್ಲ. ಎರಡು ಕೈಗೆ ಎರಡು ಮಕ್ಕಳು, ಹೆಚ್ಚಿದ್ದರೆ ಇನ್ನೊಬ್ಬರು ಜತೆಗೆ. ಹಾನಗಲ್ಲ, ಹಿರೇಕೆರೂರ ಕಡೆಯ ಅಕ್ಕ ತಂಗಿಯರೇ, ನಿಮ್ಮಲ್ಲಿ ಕೆರೆಗಳು ಬಹಳ. ಕೆರೆ ದಂಡೆಗಂತೂ ಒಬ್ಬರೇ ಹೋಗಬೇಡಿ. ಮರ ಸುತ್ತಿ ಬಂದ ಕೂಸು ಸಿಗುತ್ತದೆ, ನೀರಿಗೆ ಇಳಿದದ್ದು ಸಿಗುವುದಿಲ್ಲ.

ಒಂದು ವಿಷಯ ಮಾತ್ರ ನನಗೆ ಬಗೆಹರಿದಿಲ್ಲ. ಮರುದಿನ ಪಕ್ಕದ ಮನೆಯ ಹುಡುಗಿ ಕಟ್ಟೆಯ ಮೇಲೆ ಗೊಂಬೆ ಕೂರಿಸಿ ಲೋಟದಲ್ಲಿ ನೀರು ಕುಡಿಸುವ ಆಟ ಆಡುತ್ತಿದ್ದಳು. ಕುಡಿಸುವ ಮೊದಲು ಗೊಂಬೆಗೆ "ಯಾರ ಪೈಕಿ ಯವ್ವಾ?" ಅಂತ ಕೇಳಿದಳು. ಅದಕ್ಕೆ ಏನು ಹೇಳಬೇಕಿತ್ತು, ನನಗೆ ತೋಚಲಿಲ್ಲ. ಹುಣ್ಣಿಮೆಯ ವಂದನಾ ಸಭೆಗೆ ಬರುವಾಗ ಯೋಚಿಸಿಕೊಂಡು ಬನ್ನಿ, ಕೂತು ಮಾತಾಡೋಣ.

ನಮೋ ಬುದ್ಧಾಯ. ಜೈ ಭೀಮ್.