ತೊಟ್ಟಿ ಮನೆಯ ತೊಲೆಗೆ ಸೋನೆಯೇ ಶತ್ರು

ಕಟ್ಟಾಯ ಹೋಬಳಿ ಇರುವುದು ಸಕಲೇಶಪುರದ ಮಲೆನಾಡಿಗೂ ಚನ್ನರಾಯಪಟ್ಟಣದ ಬಯಲಿಗೂ ನಡುವೆ. ಇಂಥ ಕಡೆ ಹಳೆಯ ಹೆಂಚಿನ ಮನೆ ಇಟ್ಟುಕೊಂಡವರು ಮಳೆ ಎಷ್ಟು ಸುರಿಯಿತು ಎನ್ನುವುದಕ್ಕಿಂತ ಎಷ್ಟು ದಿನ ಹಿಡಿಯಿತು ಎಂದು ನೋಡಬೇಕು. ಬಿರುಮಳೆ ಬಂದು ಮರುದಿನ ಬಿಸಿಲು ಬಿದ್ದರೆ ತೊಲೆ ಆರಿಕೊಳ್ಳುತ್ತದೆ. ಪುಷ್ಯ, ಆಶ್ಲೇಷದ ಸೋನೆಗೆ ಆರುವುದಿಲ್ಲ. ಮರದ ತೇವಾಂಶ ಶೇ 20ರ ಒಳಗಿದ್ದರೆ ಶಿಲೀಂಧ್ರ ಬೆಳೆಯದು. ಶೇ 30 ಮುಟ್ಟಿದರೆ ಕುಂಬಾಗಲು ಶುರು.

ಮೊದಲು ನಿಮ್ಮೂರಿನಲ್ಲಿ ಮರ ಕುಂಬಾಗುವ ಅಪಾಯ ಎಷ್ಟೆಂದು ಲೆಕ್ಕ ಹಾಕಿ. ಅಮೆರಿಕದ ಮರ ವಿಜ್ಞಾನಿ ಶೆಫರ್ 1971ರಲ್ಲಿ ಕೊಟ್ಟ ಸೂತ್ರವಿದು: ತಿಂಗಳ ಸರಾಸರಿ ಉಷ್ಣಾಂಶದಲ್ಲಿ 2 ಕಳೆಯಿರಿ, ಕಾಲು ಮಿಲಿಮೀಟರಾದರೂ ಮಳೆ ಬಿದ್ದ ದಿನಗಳಲ್ಲಿ 3 ಕಳೆಯಿರಿ, ಎರಡನ್ನೂ ಗುಣಿಸಿ 16.7ರಿಂದ ಭಾಗಿಸಿ. ಹನ್ನೆರಡು ತಿಂಗಳದ್ದನ್ನೂ ಕೂಡಿಸಿದಾಗ 35ರ ಒಳಗಿದ್ದರೆ ಅಪಾಯ ಕಡಿಮೆ, 65 ದಾಟಿದರೆ ಹೆಚ್ಚು. 22 ಡಿಗ್ರಿಯ ತಿಂಗಳಲ್ಲಿ 100 ಮಿ.ಮೀ. ಮಳೆ ನಾಲ್ಕೇ ದಿನದಲ್ಲಿ ಸುರಿದರೆ ಅಂಕ 1.2, ಅದೇ ಮಳೆ 16 ದಿನ ಹನಿದರೆ 15.6! ಗೆದ್ದಲು ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಗೋಡೆಯ ಮೇಲಿನ ಮಣ್ಣಿನ ಗೆರೆ ನೋಡಿಯೇ ಹಿಡಿಯಬೇಕು.

ಮಳೆಗಾಲ ಮುಗಿದ ಮೇಲೆ ದಬ್ಬಳ ಹಿಡಿದು ಮನೆ ಸುತ್ತಿ. ಕಂಬದ ಬುಡ, ಸೂರಿನ ಕೆಳಗಿನ ಜಂತೆಯ ತುದಿ, ತೊಟ್ಟಿಯ ಸುತ್ತಿನ ಅಡ್ಡತೊಲೆ, ಗೋಡೆಯೊಳಗೆ ಹೊಕ್ಕ ತೊಲೆಯ ತಲೆ ಇವನ್ನು ಚುಚ್ಚಿ ನೋಡಿ. ಕೊಯ್ದ ತುದಿಯಿಂದಲೇ ಮರ ಹೆಚ್ಚು ನೀರು ಕುಡಿಯುವುದು. ದಬ್ಬಳ ಸಲೀಸಾಗಿ ಇಳಿದರೆ ಅಲ್ಲಿ ಕುಂಬು ಹಿಡಿದಿದೆ.

ರಿಪೇರಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಮೊದಲು ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ. ಸೋರಿಕೆ ನಿಲ್ಲಿಸದೆ ಮರಕ್ಕೆ ಏನು ಬಳಿದರೂ ದಂಡ. ಹಸಿ ಮರಕ್ಕೆ ಎನಾಮೆಲ್ ಬಳಿಯಲೇಬೇಡಿ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮಣ್ಣುಗೋಡೆಗೆ ಸಿಮೆಂಟ್ ಮೆತ್ತಿಸಿ ತೊಲೆಯ ತಲೆ ಮುಚ್ಚುವುದಂತೂ ಈಗಿನ ದೊಡ್ಡ ತಪ್ಪು. ಸುತ್ತ ಗಾಳಿಯಾಡಲು ಬೆರಳಗಲ ಜಾಗ ಬಿಡಿಸಿ. ಬೊರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಒಳಗಿನ ಮರಕ್ಕೆ ಸಾಕು, ಮಳೆ ತಾಗುವಲ್ಲಿ ತೊಳೆದುಹೋಗುತ್ತದೆ. ಸೌದೆ ಒಲೆಯಿದ್ದಾಗ ಅಟ್ಟದ ಮರವನ್ನು ಹೊಗೆ, ಬಿಸಿಯೇ ಒಣಗಿಸುತ್ತಿತ್ತು. ಗ್ಯಾಸ್ ಬಂದ ಮನೆಗಳಲ್ಲಿ ಅಟ್ಟದ ಕಿಟಕಿ, ಬೆಳಕಿಂಡಿ ತೆರೆದಿಡುವುದೊಂದೇ ದಾರಿ.

ತೊಲೆಯ ತಲೆಯೇ ಟೊಳ್ಳಾಗಿದ್ದರೆ ಮಾಡಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಮೊದಲು ಕೆಳಗಿನಿಂದ ಊರೆ ಕೊಟ್ಟು, ಅನುಭವದ ಬಡಗಿಯನ್ನು ಕರೆಸಿ.